ಬೆಟ್ಟದಿಂದ ಒಬ್ಬ ಬಂದ

ಶನಿವಾರ ಬಂತೆಂದರೆ ಚಕ್ರಪಾಣಿಯವರಿಗೆ ಎಲ್ಲಿಲ್ಲದ ಹುರುಪು. ಮುಕಿಲ್ಟಿಯೊದ ವಿಮಾನ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ರೆಕ್ಕೆಗಳ ವಿನ್ಯಾಸ ಮಾಡಿ ನಿವೃತ್ತರಾದ ಮನುಷ್ಯ, ಹಾಯಾಗಿ ಮನೆಯಲ್ಲಿ ಕೂತು ಪೇಪರ್ ಓದಬಾರದೇ? ಊಹೂಂ. ಡಬ್ಬಿಗೆ ಮೊಸರನ್ನ ಹಾಕಿಸಿಕೊಂಡು, ಟೋಟೆಮ್ ಲೇಕ್‌ನ ಅಪಾರ್ಟ್‌ಮೆಂಟಿನಿಂದ ಮುಕ್ಕಾಲು ಗಂಟೆ ಕಾರು ಓಡಿಸಿ, ಕ್ಯಾಸ್ಕೇಡ್ ಬೆಟ್ಟಗಳ ಬುಡದ ಒಂದು ಪುಟ್ಟ ಮ್ಯೂಸಿಯಂಗೆ ಹೋಗುತ್ತಾರೆ. ಸಂಬಳವಿಲ್ಲ, ಸಾರಿಗೆಯಿಲ್ಲ. ಎದೆಯ ಮೇಲೆ 'ಚಕ್' ಎಂಬ ಬಿಲ್ಲೆ, ಅಷ್ಟೆ.

ಕೆಲಸವೇನೆಂದರೆ ಬಂದವರಿಗೆ ಬೆಟ್ಟದ ಕಥೆ ಹೇಳುವುದು. ಹೆದ್ದಾರಿ ಬರುವ ಎಷ್ಟೋ ಕಾಲದ ಮುಂಚೆಯೇ ಇಲ್ಲಿನ ಮೂಲನಿವಾಸಿಗಳು ಕಾಲುದಾರಿಯಲ್ಲಿ ಬೆಟ್ಟ ದಾಟಿ, ಆಚೆಯವರ ಜೊತೆ ಒಣಮೀನು, ಗೆಡ್ಡೆಗೆಣಸು ಬದಲಾಯಿಸಿಕೊಳ್ಳುತ್ತಿದ್ದದ್ದು. ಆಮೇಲೆ ತುಪ್ಪಳದ ವ್ಯಾಪಾರಿಗಳು ಕಂಬಳಿ, ಪಾತ್ರೆ ಹೊತ್ತು ಬಂದದ್ದು. ತನ್ನ ಪಾಡಿಗೆ ತಾನು ಹೊಳೆಗೆ ಕಟ್ಟೆ ಕಟ್ಟಿಕೊಂಡಿದ್ದ ಬೀವರ್ ಎಂಬ ಬಡಪ್ರಾಣಿಯ ತುಪ್ಪಳ ಲಂಡನ್ನಿನ ದೊರೆಗಳ ತಲೆಯ ಮೇಲೆ ಟೋಪಿಯಾಗಿ ಕೂತದ್ದು. ಕೊನೆಗೆ ಚಕ್ರಪಾಣಿಯವರು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುತ್ತಾರೆ. ಅದರೊಳಗೆ ತುಪ್ಪಳದಂಗಡಿಯ ಗುಮಾಸ್ತನೊಬ್ಬನ ದಿನಚರಿ.

"ಏನು ಬರೆದಿದ್ದಾನೆ ನೋಡಿ," ಎಂದು ದನಿ ಏರಿಸುತ್ತಾರೆ. "'ಬೆಟ್ಟದಿಂದ ಒಬ್ಬ ಬಂದ. ಹನ್ನೆರಡು ಚರ್ಮ ತಂದ.' ಯಾರು ಆ ಒಬ್ಬ? ಹೆಸರಿಲ್ಲ! ಇದೇ ಪುಟದಲ್ಲಿ ಗುಮಾಸ್ತನ ಕುದುರೆಯ ಹೆಸರಿದೆ!"

ಜನ ಅಯ್ಯೋ ಎನ್ನುತ್ತಾರೆ. ಸುಳ್ಳೇಕೆ ಹೇಳಲಿ, ಆ ಅಯ್ಯೋ ಕೇಳುವುದು ಚಕ್ರಪಾಣಿಯವರಿಗೆ ಬಲು ಹಿತ.

ಪೇಚಾಟ ಶುರುವಾದದ್ದು ಡೆಲೋರಿಸ್‌ಳಿಂದ. ಎಪ್ಪತ್ತು ದಾಟಿದ ಹೆಂಗಸು, ಆ ಕಣಿವೆಯ ಮೂಲ ಕುಲದವಳು, ಚರ್ಮ ಹದ ಮಾಡುವುದರಲ್ಲಿ ಪಳಗಿದ ಕೈ. ಆರು ವರ್ಷದಿಂದ ಇಬ್ಬರೂ ಅಕ್ಕಪಕ್ಕ ನಿಂತು ಕೆಲಸ ಮಾಡಿದವರು. ಕಳೆದ ತಿಂಗಳು ಆಕೆ ಅಲ್ಲೊಂದು ಹೊಸ ಮೇಜು ಹಾಕಿಸಿದಳು. ಕಥೆ ಹೇಳುವವರೆಲ್ಲ ತಮ್ಮ ತಮ್ಮ ಮನೆಯಿಂದ ಒಂದು ಚರ್ಮವನ್ನೋ ಉಣ್ಣೆಯನ್ನೋ ತಂದಿಡಬೇಕು. ಯಾವ ಪ್ರಾಣಿ, ಯಾವ ನೆಲ, ಯಾರ ಕೈಯಿಂದ ಬಂತು ಎಂದು ಪಕ್ಕದಲ್ಲಿ ಚೀಟಿ ಬರೆದಿಡಬೇಕು.

"ನಮ್ಮ ಮನೇಲಿ ಅಂಥದ್ದೇನೂ ಇಲ್ಲ," ಎಂದರು ಚಕ್ರಪಾಣಿ, ತುಸು ಬಿಂಕದಿಂದಲೇ. "ನಾವು ಮೊಟ್ಟೇನೂ ಮುಟ್ಟೋರಲ್ಲ."

ಡೆಲೋರಿಸ್ ನಂಬಿದಳು. ಸಂಜೆ ಚಕ್ರಪಾಣಿ ಮನೆಗೆ ಬಂದು ಅದನ್ನೇ ಹೆಂಡತಿಯ ಮುಂದೆ ಹೇಳಿಕೊಂಡರು. ವಸಂತಲಕ್ಷ್ಮಿ ಹುರುಳಿಕಾಯಿ ಸೋಸುತ್ತಿದ್ದವಳು ತಲೆಯೆತ್ತಿದಳು.

"ಅಲ್ಲಾರೀ, ದಿನಾ ಬೆಳಿಗ್ಗೆ ಸಂಧ್ಯಾವಂದನೆಗೆ ಯಾತರ ಮೇಲೆ ಕೂತ್ಕೋತೀರ?"

"ಕೃಷ್ಣಾಜಿನದ ಮೇಲೆ."

"ಅದೇನು ಮರದಲ್ಲಿ ಬಿಡತ್ತಾ?"

ಚಕ್ರಪಾಣಿ ದೇವರ ಮನೆಯ ಕಡೆ ತಿರುಗಿ ನೋಡಿದರು. ಒಂಬತ್ತನೇ ವಯಸ್ಸಿನಲ್ಲಿ ಮುಂಜಿಯಾದಾಗಿನಿಂದ ಅರವತ್ತೇಳರವರೆಗೆ ಅದರ ಮೇಲೆ ಕೂತಿದ್ದಾರೆ. ಅದು ಮಡಿಯ ವಸ್ತು, ದೇವರ ಮನೆಯ ವಸ್ತು. ಅದಕ್ಕೂ ನಾಲ್ಕು ಕಾಲಿತ್ತು, ಯಾರೋ ಅದನ್ನು ಹೊಡೆದು ಸುಲಿದರು ಎಂಬುದು ಒಂದು ದಿನವಾದರೂ ತಲೆಗೆ ಹೊಳೆಯಬೇಡವೇ? ಹೊಳೆದಿರಲಿಲ್ಲ, ದೇವರಾಣೆ ಹೊಳೆದಿರಲಿಲ್ಲ. ಹಾಗಾದರೆ ತಾವು ಡೆಲೋರಿಸ್‌ಗೆ ಹೇಳಿದ್ದು ಸುಳ್ಳೋ ನಿಜವೋ? ವಾರವೆಲ್ಲ ತಲೆ ಕೆಟ್ಟುಹೋಯಿತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆರು ವರ್ಷದ ಗೆಳತಿಯ ಮುಂದೆ ಸುಳ್ಳುಗಾರನಾಗಿ ನಿಂತು ಬೇರೆಯವರ ತಪ್ಪು ಸಾರುವುದು ಹೇಗೆ?

"ತಗೊಂಡು ಹೋಗಿ ತೋರಿಸ್ಬಿಡಿ," ಎಂದಳು ವಸಂತಲಕ್ಷ್ಮಿ. "ನಿಮ್ಮ ಈ ಮುಖ ನೋಡೋಕಾಗಲ್ಲ ನಂಗೆ."

ಮುಂದಿನ ಶನಿವಾರ ಕೃಷ್ಣಾಜಿನವನ್ನು ಹಳೆಯ ರೇಷ್ಮೆ ಪಂಚೆಯಲ್ಲಿ ಸುತ್ತಿ ಒಯ್ದರು. ಡೆಲೋರಿಸ್ ಅದನ್ನು ತೊಡೆಯ ಮೇಲೆ ಹರವಿಕೊಂಡಳು.

"ಇಲ್ಲ ಅಂದಿದ್ರಿ?"

"ಇದು ಚರ್ಮ ಅಂತ ನನಗೆ ಗೊತ್ತಿರಲಿಲ್ಲ."

ಅವಳು ಮೊದಲು ನಕ್ಕಳು. ಆಮೇಲೆ ಅವರ ಮುಖ ನೋಡಿ ನಗು ನಿಲ್ಲಿಸಿದಳು. ಚರ್ಮವನ್ನು ಮಗುಚಿ ಹಾಕಿ, ಅಂಚಿನುದ್ದಕ್ಕೂ ಬೆರಳಾಡಿಸಿದಳು. "ಕತ್ತಿ ಒಂದು ಕಡೇನೂ ಜಾರಿಲ್ಲ. ಬಹಳ ನಿಧಾನದ ಕೈ." ಒಂದು ಮೂಲೆಯಲ್ಲಿ ಬೆರಳು ನಿಂತಿತು. "ಗುಂಡು ಹೊಕ್ಕಿದ್ದು ಇಲ್ಲಿ. ನಿಮಗೆ ಕಾಣಬಾರದು ಅಂತ ಎಷ್ಟು ಚೆನ್ನಾಗಿ ಹೊಲಿದಿದ್ದಾನೆ! ಯಾರು ಇವನು, ಚಕ್?"

ಚಕ್ರಪಾಣಿ ಬಗ್ಗಿ ನೋಡಿದರು. ಆ ಹೊಲಿಗೆಯ ಗಂಟು ದಿನವೂ ಅವರ ಎಡಗಾಲಿನ ಹರಡಿಗೆ ಒತ್ತುತ್ತಿತ್ತು. ಹಳೆಯದಾಗಿ ಸುರುಟಿಕೊಂಡಿದೆ ಎಂದುಕೊಂಡಿದ್ದರು.

"ಕೇಳಿ ಹೇಳ್ತೀನಿ," ಎಂದು ಹೊರಗೆ ಹೋಗಿ ಮೈಸೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದರು.

"ಜ್ಞಾಪಕ ಇಲ್ದೆ ಏನೋ!" ಎಂದಳು ಅಕ್ಕ. "ನಿನ್ನ ಮುಂಜಿಗೆ ನಾಲ್ಕು ದಿನ ಇತ್ತು. ಗುಂಡ್ಲುಪೇಟೆ ಕಡೆಯೋನು, ಕಾಡಿನೋನು. ಬಾಗಿಲಾಚೆ ಬೀದೀಲೇ ನಿಂತಿದ್ದ. ಅಪ್ಪ ನೀರು ಚಿಮುಕಿಸಿ ಒಳಗೆ ತಗೊಂಡ್ರು. ಅವನಿಗೆ ಕರಟದಲ್ಲಿ ಮಜ್ಜಿಗೆ ಹುಯ್ದೋಳು ನಾನೇ ಕಣೋ. ಅವತ್ತೇ ನಮ್ಮ ಗೌರಿ ಎರಡನೇ ಕರು ಹಾಕಿದ್ಲು. ಮನೆ ತುಂಬ ಗಿಣ್ಣು."

"ಅವನ ಹೆಸರೇನಕ್ಕ?"



"ಹೆಸರು ಯಾರು ಕೇಳಿದ್ರೋ?"

ಒಳಗೆ ಬಂದು ಚೀಟಿ ಬರೆಯಲು ಕೂತರು. ಪ್ರಾಣಿ: ಕೃಷ್ಣಮೃಗ. ನೆಲ: ಮೈಸೂರು ಸೀಮೆ. ಯಾರ ಕೈಯಿಂದ ಎಂಬಲ್ಲಿ ಪೆನ್ನು ತಡವರಿಸಿತು. ಖಾಲಿ ಬಿಡಲು ಮನಸ್ಸು ಒಪ್ಪಲಿಲ್ಲ, ಇಲ್ಲದ ಹೆಸರು ಬರೆಯಲು ಕೈ ಬರಲಿಲ್ಲ. 'ಕಾಡಿನಿಂದ ಒಬ್ಬ ಬಂದ' ಎಂದು ಬರೆದರು. ಬರೆದದ್ದನ್ನು ಓದಿಕೊಂಡರು. ಡೆಲೋರಿಸ್ ಕೂಡ ಓದಿದಳು. ಚೀಟಿಯನ್ನು ಚರ್ಮದ ಪಕ್ಕಕ್ಕಿಟ್ಟಳು. ಅವಳು ಬೈದಿದ್ದರೆ ವಾಸಿಯಿತ್ತು.

ಹನ್ನೊಂದು ಗಂಟೆಗೆ ಪ್ರವಾಸಿಗಳ ಗುಂಪು ಬಂತು. ಚಕ್ರಪಾಣಿ ಬೆಟ್ಟ ಹತ್ತಿಸಿದರು, ಹೊಳೆ ದಾಟಿಸಿದರು, ಟೋಪಿ ತೊಡಿಸಿದರು. ಗಾಜಿನ ಪೆಟ್ಟಿಗೆ ಬಂತು.

"ಬೆಟ್ಟದಿಂದ ಒಬ್ಬ ಬಂದ," ಎಂದರು. "ಹೆಸರಿಲ್ಲ. ಇದೇ ಪುಟದಲ್ಲಿ ಗುಮಾಸ್ತನ ಕುದುರೆಯ..."

ಜನ ಕಾದರು. ಡೆಲೋರಿಸ್ ಹತ್ತಿರ ಬಂದು, "ಮುಂದೆ ಹೇಳಿ, ಚಕ್," ಎಂದಳು.

ಚಕ್ರಪಾಣಿಯವರು ಅವಳನ್ನು ನೋಡಿದರು, ಮೇಜಿನ ಮೇಲಿದ್ದ ಚರ್ಮವನ್ನು ನೋಡಿದರು.

"ನಮ್ಮ ಮನೇಲೊಂದು ಹಸು ಇತ್ತು," ಎಂದರು. "ಅದರ ಹೆಸರು ಗೌರಿ."