ಎಡಗೈ ಗಂಟು

ಬಿಯರಿಗೆ ಹಾಕುವ ಹಾಪ್ ಹೂವನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ, ಬೆಲೆ ಹೇಳುವ ದಲ್ಲಾಳಿಯ ಕಣ್ಣಿಗೆ ಮಿಜೆಲಿ ಲಾಕ್ ದೊಡ್ಡ ಸರಕಾಗಿ ಕಾಣುತ್ತಿರಲಿಲ್ಲ. ಐವತ್ತು ದಾಟಿದ ವಯಸ್ಸು, ಮುಂದಿನ ಎರಡು ಹಲ್ಲು ನಾಪತ್ತೆ, ಬಲ ಮೊಣಕಾಲು ಕೈಕೊಟ್ಟಿತ್ತು. ಬೆರಳುಗಳು ಮಾತ್ರ ಮೊದಲ ದರ್ಜೆ: ಬಳ್ಳಿಯಿಂದ ಹೂ ಬಿಡಿಸುವಾಗ ಒಂದು ಎಲೆಯೂ ತೊಟ್ಟಿಗೆ ಬೀಳುತ್ತಿರಲಿಲ್ಲ. ನಾಲಿಗೆಗೆ ಬೆಲೆ ಕಟ್ಟುವ ಧೈರ್ಯ ಇಂಗ್ಲೆಂಡಿನ ಹೆರೆಫರ್ಡ್‌ಶೈರಿನಲ್ಲಿ ಯಾರಿಗೂ ಇರಲಿಲ್ಲ.

ವರ್ಷವೆಲ್ಲ ಅವಳದು ಗಾಡಿಯ ಬಾಳು. ಮೇ ತಿಂಗಳಲ್ಲಿ ಬಳ್ಳಿ ಕಟ್ಟುವುದು, ಜೂನಿನಲ್ಲಿ ಸ್ಟ್ರಾಬೆರಿ, ಸೆಪ್ಟೆಂಬರಿನಲ್ಲಿ ಹಾಪ್, ಆಮೇಲೆ ಸೇಬು. ಎಲ್ಲಿ ಕೆಲಸವಿದೆಯೆಂದು ತಿಳಿಸಲು ಅವಳ ಜಿಪ್ಸಿ ಜನಕ್ಕೆ ಕಾಗದ ಬೇಕಿರಲಿಲ್ಲ. ಮುಂದೆ ಹೋದವರು ಕವಲುದಾರಿಯಲ್ಲಿ ಹುಲ್ಲಿನ ಕಂತೆ ಇಟ್ಟು ಹೋಗುತ್ತಿದ್ದರು. ತುದಿ ಯಾವ ಕಡೆಗೋ ಆ ಕಡೆ ಕೆಲಸ. ಎರಡು ಕಂತೆ ಅಡ್ಡಡ್ಡ ಇದ್ದರೆ, ಒಳಗೆ ಕಾಲಿಡಬೇಡ. ಮೂವತ್ತು ವರ್ಷ ಮಿಜೆಲಿಗಾಗಿ ಕಂತೆ ಇಟ್ಟವಳು ಅವಳ ಅಕ್ಕ. ಅಕ್ಕ ಎಡಚಿ; ಅವಳ ಗಂಟಿನ ಸುತ್ತು ಉಳಿದವರದಕ್ಕೆ ತಿರುವುಮುರುವು.

ಆ ವರ್ಷ ಈಸ್ಟರಿಗೆ ಮುಂಚೆ ಅಕ್ಕ ತೀರಿಕೊಂಡಳು. ಪದ್ಧತಿಯಂತೆ ಅವಳ ಗಾಡಿ, ಬಟ್ಟೆ ಎಲ್ಲ ಸುಟ್ಟರು. ಹೆಸರನ್ನು ಮತ್ತೆ ಯಾರೂ ಎತ್ತಲಿಲ್ಲ. ಕರೆದರೆ ಬಂದುಬಿಡುತ್ತಾರೆ ಎಂಬ ಭಯ.

ಸೆಪ್ಟೆಂಬರಿನ ಮೊದಲ ವಾರ, ಬ್ರಾಮ್‌ಯಾರ್ಡ್ ಊರಿನ ಆಚೆಯ ಕವಲಿನಲ್ಲಿ ಮಿಜೆಲಿಯ ಕುದುರೆ ತಾನಾಗಿ ನಿಂತಿತು. ಬೇಲಿಯ ಬುಡದಲ್ಲಿ ಹಸಿ ಹುಲ್ಲಿನ ಕಂತೆ. ಗಂಟು ಎಡಗೈಯದು.

ಮಿಜೆಲಿ ಅದನ್ನು ಮುಟ್ಟಲಿಲ್ಲ. "ಎಡಚರು ಇನ್ನೂ ಯಾರೋ ಇದಾರೆ ಕಣೋ," ಎಂದು ಕುದುರೆಗೆ ಹೇಳಿ, ತುದಿ ತೋರಿದ ದಾರಿ ಹಿಡಿದಳು. ದಾರಿ ಪ್ರೀಸ್ ಎಂಬವನ ಹಾಪ್ ತೋಟದಲ್ಲಿ ಮುಗಿಯಿತು.

"ತಡವಾಗಿ ಬಂದ್ಯಲ್ಲೇ ಅಜ್ಜಿ, ಜನ ತುಂಬಿಹೋಯ್ತು," ಎಂದ ಪ್ರೀಸ್.

"ಜನ ತುಂಬಿದ್ರೇನು ಧಣಿ, ತೊಟ್ಟೀಲಿ ಅರ್ಧ ಎಲೇನೇ ಇದೆ. ಬಿಯರಿಗೆ ಕೊಡ್ತೀರೋ, ಕುರೀಗೆ ಹಾಕ್ತೀರೋ?"

ಪ್ರೀಸ್ ನಕ್ಕು ಸೇರಿಸಿಕೊಂಡ. ಸುಗ್ಗಿ ಮುಗಿಯುವವರೆಗೆ ತಂಟೆಯಿಲ್ಲದೆ ದುಡಿದರೆ ಚಳಿಗಾಲಕ್ಕೆ ಗಾಡಿ ನಿಲ್ಲಿಸಲು ಹಳ್ಳದ ಹೊಲ ಕೊಡುತ್ತೇನೆಂದ. ಆ ಒಂದು ಮಾತಿಗೇ ಮಿಜೆಲಿ ದುಡಿದಳು. ಹಿಂದಿನ ಚಳಿಗಾಲ ಪೊಲೀಸರು ಅಕ್ಕತಂಗಿಯರನ್ನು ರಸ್ತೆ ಬದಿಯಿಂದ ಆರು ಸಲ ಎಬ್ಬಿಸಿದ್ದರು. ಅಕ್ಕನಿಗೆ ಕೆಮ್ಮು ಹತ್ತಿದ್ದು ಆಗಲೇ.

ಕೊನೆಯ ದಿನ ಬೆಳಿಗ್ಗೆ ಕಣ್ಣಿಗೆ ಕೈ ಕಾಣದಷ್ಟು ಮಂಜು. ಮಿಜೆಲಿ ಚೀಲ ಹೊತ್ತು, ಹೂ ಒಣಗಿಸುವ ಗೂಡಿನ ಹೊರಮೆಟ್ಟಿಲು ಹತ್ತಿದಳು. ಚೀಲ ಬಾಗಿಲಲ್ಲಿ ಇಳಿಸಿ ಹಿಂತಿರುಗುವುದಷ್ಟೇ ಅವಳ ಕೆಲಸ. ಹೂವಿಗೆ ಬಣ್ಣ ಬರಲೆಂದು ಕೆಳಗಿನ ಬೆಂಕಿಗೆ ಗಂಧಕ ಹಾಕಿ, ಮೇಲಿನ ಬಾಗಿಲಿಗೆ ಅಡ್ಡಪಟ್ಟಿ ಜಡಿದಿದ್ದರು. ಆ ಹೊತ್ತಿಗೆ ತೆರೆದರೆ ಇಡೀ ಗೂಡಿನ ಹೂವು ಕೆಡುತ್ತದೆ. ತೆರೆದವರಿಗೆ ಆ ತೋಟದಲ್ಲಿ ಮತ್ತೆ ಜಾಗವಿಲ್ಲ.

ಬಾಗಿಲ ಮೇಲೆ ಎರಡು ಕಂತೆ, ಅಡ್ಡಡ್ಡ. ಹಲಗೆ ಕಾದು ಸುಡುತ್ತಿತ್ತು. ಹುಲ್ಲಿನ ಮೇಲೆ ಇಬ್ಬನಿ ಹಾಗೇ ಕೂತಿತ್ತು.

"ಧಣಿ, ಒಳಗೆ ಯಾರಿದಾರೆ?"

"ಯಾರಿಲ್ಲ. ಕೂಗಿ ನೋಡೇ ಬಾಗಿಲು ಹಾಕಿದ್ದು," ಎಂದು ಪ್ರೀಸ್ ಮೆಟ್ಟಿಲೇರಿ ಬಂದ.

"ಈ ಹುಲ್ಲು ಕಟ್ಟಿದ್ಯಾರು?"

"ಯಾವ ಹುಲ್ಲೇ?" ಪ್ರೀಸ್ ಬಾಗಿಲನ್ನೇ ದಿಟ್ಟಿಸುತ್ತಿದ್ದ. "ಬೆಳಿಗ್ಗೇನೇ ಹಾಕ್ಕೊಂಡಿದೀಯಾ ಹೆಂಗೆ?"

ಮಿಜೆಲಿ ಬಗ್ಗಿ ಗಂಟು ನೋಡಿದಳು: ಎಡಗೈಯದು. ಒಳಗೆ ಹೋಗಬೇಡ ಎನ್ನುವ ಗುರುತು. ಅವಳಿಗಾದರೋ ಒಳಗೆ ಕೆಲಸವೇ ಇಲ್ಲ. ಹಾಗಾದರೆ ಇದು, ಹೋಗಬಾರದ ಯಾರೋ ಆಗಲೇ ಹೋಗಿದ್ದಾರೆ ಎಂದು.

ಹಳ್ಳದ ಹೊಲ ಒಂದು ಗಳಿಗೆ ಅವಳ ಕಣ್ಣ ಮುಂದೆ ಬಂತು.

"ಹೊಲ ಹೋಯ್ತು ಕಣೇ, ಜೆಂಟಿ," ಎಂದಳು. ಆರು ತಿಂಗಳಿಂದ ಯಾರೂ ಎತ್ತದ ಅಕ್ಕನ ಹೆಸರು. ಹೇಳುತ್ತಲೇ ಅಡ್ಡಪಟ್ಟಿ ಕಿತ್ತಳು.

ಹಳದಿ ಹೊಗೆ ನುಗ್ಗಿ ಬಂತು. ಮೂಲೆಯ ಹೂವಿನ ರಾಶಿಯ ಮೇಲೆ ಒಬ್ಬ ದಲ್ಲಾಳಿ ಬೋರಲು ಬಿದ್ದಿದ್ದ. ಮಾಲು ನೋಡಲು ಯಾರಿಗೂ ಹೇಳದೆ ನುಗ್ಗಿ, ಹೂವಿನ ಘಾಟಿಗೆ ತೂಕಡಿಸಿ ನಿದ್ದೆಹೋಗಿದ್ದ. ಮಿಜೆಲಿ ಅವನನ್ನು ಕಾಲು ಹಿಡಿದು ಹೊರಗೆಳೆದಳು. ಪ್ರೀಸ್ ಕೈಹಾಕಿದ, ಬೈಯುತ್ತಲೇ. ಮನುಷ್ಯ ಉಳಿದ, ಹೂವು ಕೆಟ್ಟಿತು, ತೆರೆದವರಿಗೆ ಜಾಗವಿಲ್ಲವೆಂಬ ಮಾತಿಗೆ ಪ್ರೀಸ್ ತಪ್ಪಲಿಲ್ಲ.

ಮಧ್ಯಾಹ್ನಕ್ಕೇ ಮಿಜೆಲಿ ಗಾಡಿ ಕಟ್ಟಿದಳು. ದಲ್ಲಾಳಿ ಗೇಟಿನವರೆಗೆ ತಡವರಿಸುತ್ತಾ ಹೋಗಿ ಕೈಮುಗಿಯಲು ನೋಡಿದ.

"ನಂಗ್ಯಾಕೆ ಸ್ವಾಮಿ? ಕಟ್ಟಿದೋಳು ಬೇರೆ," ಎಂದಳು ಮಿಜೆಲಿ, ಪಕ್ಕದ ಖಾಲಿ ಜಾಗದತ್ತ ನೋಡದೆ.

ಗಾಡಿಯಲ್ಲಿ ಅವಳೊಬ್ಬಳೇ. ಕುದುರೆ ಮಾತ್ರ ಏರಿನಲ್ಲಿ ಇಬ್ಬರನ್ನು ಎಳೆಯುವ ಹಾಗೆ ಏದುತ್ತಿತ್ತು.

ಆ ದಲ್ಲಾಳಿ ನಾನು. ಮಿಜೆಲಿ ಲಾಕ್‌ಗೆ ನಾನು ಒಂದು ಜೀವವನ್ನೂ, ಚಳಿಗಾಲಕ್ಕೆ ಒಂದು ಹೊಲವನ್ನೂ ಕೊಡಬೇಕಿದೆ.