ಕಡಿಯದೆ ಬಿಟ್ಟ ಒಂಬತ್ತು

ಯಾರಾದರೂ ದನಿ ಮೆತ್ತಗೆ ಮಾಡಿ ‘ಅಜ್ಜಿ’ ಎಂದರೆ ನನಗೆ ಮೈ ಉರಿಯುತ್ತದೆ. ಪ್ರಾಯ ಆಗಿದೆ, ಸುಳ್ಳಲ್ಲ. ಆದರೆ ಆ ಮೆತ್ತಗಿನ ದನಿಯ ಒಳಗೆ ಏನೋ ಒಂದು ಇರುತ್ತದೆ, ಹುಳ ಇದ್ದ ಪೇರಳೆಯ ಹಾಗೆ. ನಾನು ಕಲಿತದ್ದು ಮೂರನೇ ಕ್ಲಾಸು. ಪೆನ್ನು ಹಿಡಿದರೆ ಕೈ ನಡುಗುತ್ತದೆ, ಇಸ್ಪೀಟೆಲೆ ಹಿಡಿದರೆ ಇಲ್ಲ.

ಕಾಣಿಯೂರು ಪೇಟೆಯಲ್ಲಿ ಟೈಲರ್ ಸೀನಪ್ಪನ ಅಂಗಡಿಯ ಹಿಂದೆ ಮಂಗಳವಾರ ಊಟವಾದ ಮೇಲೆ ನಾವು ನಾಲ್ಕು ಜನ ಇಪ್ಪತ್ತೆಂಟು ಆಡುವುದು. ಎದುರುಬದುರು ಕೂತವರು ಒಂದು ಪಕ್ಷ. ದುಡ್ಡು ಇಲ್ಲ. ಸೋತವರ ಕಿವಿಗೆ ಓಲೆಯ ಹಾಗೆ ಕುಣುಕು ಕಟ್ಟುತ್ತಾರೆ, ಅಷ್ಟೆ. ಸೀನಪ್ಪನಲ್ಲಿ ಕುಣುಕು ಎಂದರೆ ನೂಲು ಮುಗಿದ ಖಾಲಿ ರೀಲು. ಈ ಆಟದಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು, ಮೂರು ಪಾಯಿಂಟು. ಅವನ ಕೆಳಗೆ ಒಂಬತ್ತು, ಎರಡು ಪಾಯಿಂಟು. ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜನಿಗೆ ಸೊನ್ನೆ. ಇದನ್ನು ಕಟ್ಟಿದವನು ಯಾರದೋ ಅಂಗಳ ಗುಡಿಸಿ ಬೆನ್ನು ಬಗ್ಗಿಸಿದವನೇ ಇರಬೇಕು. ರಾಣಿಗೂ ಸೊನ್ನೆ ಕೊಟ್ಟಿದ್ದಾನಲ್ಲ, ಆದ್ದರಿಂದ ಗಂಡಸೇ.

ಹಿಂದಿನ ಎರಡು ವಾರ ನಾನೂ ನನ್ನ ಜೊತೆಗಾರ ಇಬ್ರಾಯಿ ಬ್ಯಾರಿಯೂ ಸೋತಿದ್ದೆವು. ಮೂರನೆಯ ಸಲ ಸೋತರೆ ದೇಯಕ್ಕ ಜಾಗ ಬಿಡಬೇಕು, ತನ್ನ ಭಾವ ಬಂದು ಕೂರುತ್ತಾನೆ ಎಂದು ಸೀನಪ್ಪ ಹೇಳಿದ. ಸೋತದ್ದು ಇಬ್ಬರು, ಏಳಬೇಕಾದವಳು ನಾನೊಬ್ಬಳು. ಇಬ್ರಾಯಿ ಕೇಳಿಯೇಬಿಟ್ಟ, ಹಾಗಾದರೆ ನಾನೂ ಏಳುದಾ ಎಂದು. ಸೀನಪ್ಪ ಕತ್ತರಿ ಹುಡುಕತೊಡಗಿದ.

ಮೂರನೆಯ ಮಂಗಳವಾರ ಸೀನಪ್ಪನ ಜೊತೆಗಾರನಿಗೆ ಕಾಲು ನೋವು. ಬದಲಿಗೆ ಪುತ್ತೂರಿನಿಂದ ಹೊಸದಾಗಿ ಬಂದು ಮನೆ ಮಾಡಿದ ಒಬ್ಬರು ರಿಟೈರ್ಡ್ ಮೇಷ್ಟ್ರು ಬಂದರು. ಉಗುರು ಚೊಕ್ಕ. ಎಲೆ ಎತ್ತಿದರೆ ಹುಬ್ಬು ಅಲ್ಲಾಡುವುದಿಲ್ಲ. ಇಂಥವರ ಜೊತೆ ಆಡುವುದೆಂದರೆ ಆಳ ಗೊತ್ತಿಲ್ಲದ ಬಾವಿಗೆ ಕೊಡಪಾನ ಬಿಟ್ಟ ಹಾಗೆ.

ಮೊದಲ ನಾಲ್ಕು ಎಲೆ ನನಗೆ ಬಂದದ್ದು ಇಸ್ಪೀಟಿನ ಗುಲಾಮ, ಇಸ್ಪೀಟಿನ ಹತ್ತು, ಆಟೀನಿನ ಎಕ್ಕ, ಸೊನ್ನೆಯ ಒಬ್ಬಳು ರಾಣಿ. ಒಳ್ಳೆಯದೂ ಅಲ್ಲ, ಬಿಸಾಡುವಂಥದ್ದೂ ಅಲ್ಲ. ಮೇಷ್ಟ್ರು ಹದಿನೇಳು ಪಾಯಿಂಟು ಕರೆದರು. ನಾನು ಹದಿನೆಂಟು ಎಂದರೆ ಇಸ್ಪೀಟು ತುರುಫಾಗುತ್ತದೆ, ಬೇರೆ ಜಾತಿಯ ಯಾವ ಎಲೆಯನ್ನೂ ಅದರಿಂದ ಕಡಿಯಬಹುದು, ಆದರೆ ಅಷ್ಟೂ ಪಾಯಿಂಟು ನಾವೇ ಹಿಡಿಯಬೇಕು. ಇಸ್ಪೀಟಿನ ಒಂಬತ್ತು ಇಬ್ರಾಯಿಯಲ್ಲಿದ್ದರೆ ಗೆದ್ದೆವು. ಮೇಷ್ಟ್ರಲ್ಲಿದ್ದರೆ ನನ್ನ ಜಾಗ ಹೋಯಿತು. ಮೇಷ್ಟ್ರ ಮುಖ ನೋಡಿದೆ. ಗೋಡೆ ನೋಡಿದ್ದರೂ ಅಷ್ಟೇ ತಿಳಿಯುತ್ತಿತ್ತು.

“ಕರೆಯುದಾ ಬಿಡುದಾ ದೇಯಕ್ಕ? ಚಾಯ ತಣಿಯುತ್ತದೆ” ಎಂದ ಸೀನಪ್ಪ.

ಆ ಮಾತಿನ ಸಿಟ್ಟಿಗೆ ಹದಿನೆಂಟು ಎಂದುಬಿಟ್ಟೆ.

ಆರು ಸುತ್ತಿನಲ್ಲಿ ಹದಿನಾರು ಆಯಿತು. ಇನ್ನು ಎರಡು ಬೇಕು, ಒಂಬತ್ತು ಇನ್ನೂ ಹೊರಗೆ ಬಂದಿಲ್ಲ. ಆಟೀನಿನ ಎಕ್ಕ ಇಳಿಸಿದೆ. ಇಬ್ರಾಯಿ ಅದರ ಮೇಲೆ ಹತ್ತು ಹಾಕಿದ. ಮೇಷ್ಟ್ರ ಕೈಯಲ್ಲಿ ಆಟೀನು ಇರಲಿಲ್ಲ. ತುರುಫು ಇದ್ದರೆ ಕಡಿಯಬಹುದು. ಅವರು ಒಂದು ಕಳಾವರ್ ಏಳನ್ನು ಎಸೆದರು. ಹದಿನೆಂಟು ಆಯಿತು, ಗೆದ್ದೆ. ಇಬ್ರಾಯಿ ತೊಡೆ ತಟ್ಟಿಕೊಂಡ. ಕೊನೆಯ ಸುತ್ತಿಗೆ ಮೇಷ್ಟ್ರು ಉಳಿದ ಒಂದೆಲೆ ಇಟ್ಟರು.

ಇಸ್ಪೀಟಿನ ಒಂಬತ್ತು.

“ಇದನ್ನು ಇಟ್ಟುಕೊಂಡು ಯಾಕೆ ಕಡಿಯಲಿಲ್ಲ?” ಎಂದು ಕೇಳಿದೆ.

“ಹೋಗ್ಲಿ ಬಿಡಿ ಅಜ್ಜಿ. ನಿಮ್ಮ ಜಾಗದ ವಿಷಯ ಸೀನಪ್ಪ ಹೇಳಿದ್ರು.”

ಆ ಮನುಷ್ಯನ ಬಗ್ಗೆ ನಾನು ಎಷ್ಟು ಲೆಕ್ಕ ಹಾಕಿದ್ದೆ. ಧೈರ್ಯ ಉಂಟೋ, ಕಳ್ಳನೋ, ಎಲೆ ನೆನಪಿಡುವವನೋ. ಕರುಣೆಯೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಐವತ್ತು ವರ್ಷ ಬೀಡಿ ಕಟ್ಟಿ, ಒಂದು ಎಲೆ ಹರಿದರೂ ಕಟ್ಟನ್ನೇ ಹಿಂದಕ್ಕೆ ಎಸೆಯುವವರ ಎದುರು ನಿಂತವಳು ನಾನು. ನನಗೆ ಧರ್ಮಕ್ಕೆ ಗೆಲುವು. ಭಿಕ್ಷೆ ಹಾಕುವವನೂ ತಟ್ಟೆ ಚಾಚಿದವರಿಗೆ ಹಾಕುತ್ತಾನೆ.

“ಮೇಷ್ಟ್ರೆ, ಶಾಲೆಯಲ್ಲಿಯೂ ಹೀಗೆಯೇ ಪಾಸು ಮಾಡಿದ್ದಾ? ಎಲೆ ಹಂಚಿ. ಆ ಆಟ ಲೆಕ್ಕಕ್ಕಿಲ್ಲ.”

ಗೆದ್ದದ್ದನ್ನು ಯಾರಾದರೂ ಬಿಡುದುಂಟಾ, ತಲೆ ಸಮ ಉಂಟಾ ಎಂದು ಇಬ್ರಾಯಿ ಬೈದ. ಬೈಯಲಿ, ಅವನಿಗೆ ಆ ಹಕ್ಕಿದೆ. ಮೇಷ್ಟ್ರು ಹಂಚಿದರು. ಈ ಸಲ ಅವರ ಕೈ ಹಿಂಜರಿಯಲಿಲ್ಲ. ನನ್ನ ಎರಡು ಎಕ್ಕಗಳನ್ನು ಕಡಿದರು, ಮುಖವನ್ನೂ ನೋಡಲಿಲ್ಲ. ಸೋತೆವು. ಸೀನಪ್ಪನಿಗೆ ರೀಲು ಕಟ್ಟಲು ನಾಚಿಕೆಯಾಯಿತು, ನಾನೇ ಕಟ್ಟಿಕೊಂಡೆ. ಬಸ್ ಸ್ಟ್ಯಾಂಡಿನ ಎದುರಿನಿಂದಲೇ ಮನೆಗೆ ನಡೆದೆ. ನಗುವವರು ನಕ್ಕರು.

ಈಗ ಮಂಗಳವಾರ ಅಲ್ಲಿ ಸೀನಪ್ಪನ ಭಾವ ಕೂರುತ್ತಾನೆ. ಅವನಿಗೆ ತುರುಫು ಯಾವುದೆಂದೇ ನೆನಪಿರುವುದಿಲ್ಲವಂತೆ. ಕೇಳಿದರೆ ಹೊಟ್ಟೆ ಉರಿಯುತ್ತದೆ, ಉರಿಯಲಿ. ಸೋತ ಸಿಟ್ಟು ನನ್ನ ಸ್ವಂತದ್ದು, ಅದನ್ನು ಪಕ್ಕದಲ್ಲಿ ಮಲಗಿಸಿಕೊಂಡರೂ ನಿದ್ದೆ ಬರುತ್ತದೆ. ಆ ಹದಿನೆಂಟನ್ನು ಮನೆಗೆ ತಂದಿದ್ದರೆ ಎಲ್ಲಿ ಮಲಗಿಸುತ್ತಿದ್ದೆನೋ ಗೊತ್ತಿಲ್ಲ.