ಹೆಣ್ಣುಕೂಸಿನ ತಾಯತಕ್ಕೆ ಎಷ್ಟು ಗಂಟು?

ಶ್ರಾವಣ ಬಹುಳ ಪಂಚಮಿ, ಬುಧವಾರ. ಬೆಳಗಿನ ಏಳು ಗಂಟೆಗೆ ಬರೆಯಲು ಕುಳಿತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ಕಮಲಾಪುರದ ನಮ್ಮ ಮನೆಯಲ್ಲಿ ತಾಯತ ಮಾಡುವವಳು ಆಯಿ, ನಮ್ಮ ಅಪ್ಪನ ತಾಯಿ. ಕುರಿಯ ಕರಿ ಉಣ್ಣೆಯನ್ನು ತೊಡೆಯ ಮೇಲೆ ಹೊಸೆದು, ನಡುವೆ ಬಜೆಯ ಬೇರಿನ ಚೂರು ಸಿಕ್ಕಿಸಿ, ಉಸಿರು ಬಿಗಿಹಿಡಿದು ಗಂಟು ಹಾಕುತ್ತಾಳೆ. ಗಂಡುಹುಡುಗನಿಗೆ ಒಂಬತ್ತು, ಎತ್ತಿಗೆ ಏಳು, ಹಾಲು ಕೊಡುವ ಎಮ್ಮೆಗೆ ಐದು. ಮನೆಯ ತಾಯತಗಳನ್ನು ಎಣಿಸಿದ್ದೇನೆ: ಅಣ್ಣನಿಗೆ ಎರಡು, ಎತ್ತುಗಳಿಗೆ ಒಂದೊಂದು, ಎಮ್ಮೆಗೆ ಒಂದು, ಮಜ್ಜಿಗೆ ಕಡೆಯುವ ಕಡಗೋಲಿಗೂ ಒಂದು. ಹೆಣ್ಣುಮಕ್ಕಳಾದ ನನಗೂ ತಂಗಿಗೂ ಒಂದೂ ಇಲ್ಲ.

ಹೋದ ಗುರುವಾರ ಐದು ವರ್ಷದ ತಂಗಿಗೆ ಜ್ವರ ಏರಿತು. ಕಲಬುರಗಿಯಲ್ಲಿರುವ ನಿಜಾಮ ಸರ್ಕಾರದ ದವಾಖಾನೆಗೆ ಒಯ್ಯಲು ಅಪ್ಪ ಬಂಡಿ ಹೂಡಿದ. ಆಯಿ ಎತ್ತುಗಳಿಗೆ ಹೊಸ ತಾಯತ ಕಟ್ಟಿದಳು. ಪೇಟೆ ನೋಡಲು ಹೊರಟಿದ್ದ ಅಣ್ಣನಿಗೂ ಕಟ್ಟಿದಳು. ತಂಗಿ ಕೌದಿಯೊಳಗಿಂದ ತಾನೇ ಕೈ ಚಾಚಿದಳು. ಆಯಿ ಆ ಕೈಯನ್ನು ಒಳಗೆ ಸರಿಸಿ ಕೌದಿ ಹೊದಿಸಿದಳು.

“ಆಯಿ, ಜಡ್ಡ ಬಂದದ್ದು ಇಕಿಗಿ. ಎತ್ತಿಗಲ್ಲ.”

“ಬಾಯಿ ಭಾಳ ಆಗ್ಯಾದ ನಿಂದು! ಹೆಣ್ಣಿಗಿ ಎಷ್ಟು ಗಂಟು ಅಂತ ನಮ್ಮತ್ತಿ ಹೇಳಿಲ್ಲ, ಅವರತ್ತಿನೂ ಹೇಳಿಲ್ಲ. ತಪ್ಪು ಗಂಟು ಹಾಕಿದ್ರ ಕೂಸಿಗೇ ಕೇಡು. ಆ ಪಾಪ ನೀ ಹೊರತೀಯೇನು?”

ಆಕೆ ಕೆಟ್ಟವಳಲ್ಲ, ತಂಗಿಯ ಕೆನ್ನೆ ಸವರಿ ಕಣ್ಣು ಒರೆಸಿಕೊಂಡಳು. ಅದರಿಂದಲೇ ನನಗೆ ಇನ್ನಷ್ಟು ಉರಿಯಿತು. ಎಮ್ಮೆಯ ಗಂಟನ್ನು ನೆನಪಿಟ್ಟ ಇಷ್ಟು ತಲೆಮಾರಿನ ಹೆಂಗಸರಿಗೆ ಹೆಣ್ಣುಕೂಸಿನ ಗಂಟು ಎಷ್ಟೆಂದು ಕೇಳಲು ಒಮ್ಮೆಯೂ ತೋಚಲಿಲ್ಲವೇ?

ತಂಗಿಯನ್ನು ಹಿಡಿದುಕೊಳ್ಳಲು ನಾನೂ ಬಂಡಿ ಹತ್ತಿದ್ದೆ. ದಾರಿಯಲ್ಲಿ ಮಹಾಗಾಂವ ದಾಟಿದ ಮೇಲೆ, ಸೆರಗಿನ ತುದಿಗೆ ಕಟ್ಟಿಕೊಂಡು ಬಂದಿದ್ದ ಆಯಿಯ ಉಳಿಕೆ ದಾರವನ್ನು ಬಿಚ್ಚಿದೆ.

“ಎಷ್ಟು ಗಂಟು ಹಾಕ್ಲಿ?”

“ಅಣ್ಣಗ ಒಂಬತ್ತು ಅದಾವ. ನಂಗ ಹತ್ತು ಹಾಕು, ಅಕ್ಕಾ,” ಎಂದಳು ತಂಗಿ, ಕಣ್ಣು ಮುಚ್ಚಿಕೊಂಡೇ.

ದಾರ ಗಿಡ್ಡವಿತ್ತು. ಆರಕ್ಕೇ ಮುಗಿಯಿತು. ಅದನ್ನೇ ಅವಳ ಮಣಿಕಟ್ಟಿಗೆ ಕಟ್ಟಿದೆ. ಅಣ್ಣ ನಕ್ಕ: “ಎಮ್ಮಿಗಿಂತ ಒಂದು ಹೆಚ್ಚಾತಲ್ಲ, ಸಾಕು ಬಿಡು!”

ಮೂರನೆಯ ದಿನ ಜ್ವರ ಇಳಿಯಿತು. ಔಷಧದಿಂದಲೋ ದಾರದಿಂದಲೋ, ನಾನು ಹೇಳಲಾರೆ. ನಿನ್ನೆ ಮನೆಗೆ ಮರಳಿದಾಗ ಆಯಿ ತಂಗಿಯ ಕೈ ಹಿಡಿದು ಗಂಟು ಎಣಿಸಿದಳು.

“ಆರು ಯಾರದೂ ಅಲ್ಲ,” ಎಂದು ಕತ್ತರಿಸಿ ಒಲೆಗೆ ಹಾಕಿದಳು.

ತಂಗಿ ಇಂದು ಎದ್ದಾಗಿನಿಂದ ಬರಿಯ ಮಣಿಕಟ್ಟು ಮುಟ್ಟಿ ನೋಡಿಕೊಳ್ಳುತ್ತಿದ್ದಾಳೆ.

ಇದನ್ನು ಓದುವವರೇ, ಯಾವ ಊರಿನ ಯಾವ ಮನೆಯಲ್ಲಾದರೂ ಹೆಣ್ಣುಕೂಸಿಗೆ ತಾಯತ ಕಟ್ಟುತ್ತಿದ್ದರೆ, ಅದಕ್ಕೆ ಎಷ್ಟು ಗಂಟು ಎಂದು ದಯವಿಟ್ಟು ನನಗೆ ಬರೆಯಿರಿ. ದಾರ ಹೊಸೆದಿಟ್ಟಿದ್ದೇನೆ, ಈ ಸಲ ಉದ್ದವಾಗಿಯೇ ಇದೆ.